ಶಿಕ್ಷಕಿಯಾಗಿ ಇದು ಮೊದಲ ವರ್ಷ, ನವೆಂಬರಿಗೇ ಸೋತುಹೋಗಿದ್ದೇನೆ. ಮಾರ್ಚ್‌ವರೆಗೆ ಹೇಗೆ ತಡೆಯಲಿ?

ಯಾದಗಿರಿ ಕಡೆ ಹೈಸ್ಕೂಲಿಗೆ ಬಂದಿದ್ದೀರಿ, ಸಂಜೆ ಮನೆಗೆ ಹೋದರೆ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ ಅಂತ ಬರೆದಿದ್ದೀರಿ. ನಾನು ಸುರಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಗಣಿತದ ಮೇಷ್ಟ್ರು. ನಾಲ್ಕನೇ ವರ್ಷ ನನಗೂ ಇದೇ ಗತಿಯಾಗಿತ್ತು. ಹುಡುಗನೊಬ್ಬ ಎದ್ದು ಸಂಶಯ ಕೇಳಿದರೆ ‘ಇವನಿಗ್ಯಾಕೆ ಬೇಕು ಇದೆಲ್ಲ’ ಅನ್ನಿಸುತ್ತಿತ್ತು. ಬರೀ ದಣಿವಾಗಿದ್ದರೆ ಭಾನುವಾರ ಮಲಗಿದರೆ ಹೋಗುತ್ತಿತ್ತು. ಶಕ್ತಿ ಬತ್ತುವುದು, ಕೆಲಸದ ಮೇಲೆ ತಾತ್ಸಾರ ಹುಟ್ಟುವುದು, ಎಷ್ಟು ಮಾಡಿದರೂ ವ್ಯರ್ಥ ಅನ್ನಿಸುವುದು, ಈ ಮೂರನ್ನೂ ಸೇರಿಸಿಯೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅಂತ ಗುರುತಿಸಿತು. ಕಾಯಿಲೆ ಅನ್ನಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ತೊಂದರೆ ಅಂದಿತು. ನಿಮ್ಮ ಕೈಲಾಗದತನ ಅಂದುಕೊಳ್ಳಬೇಡಿ.

ಈ ವರ್ಷವಂತೂ 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ, ಶಿಕ್ಷಕರೇ ಮನೆಮನೆಗೆ ಹೋಗಿ ಮಾಡಬೇಕಾದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ನಮ್ಮ ದಸರಾ ರಜೆಯನ್ನೇ ನುಂಗಿತು. ನಡುವೆ ಉಸಿರು ತಗೊಳ್ಳಲು ಇದ್ದದ್ದೇ ಆ ರಜೆ. ನವೆಂಬರಿಗೆ ಸೋಲದೆ ಇನ್ನೇನು?

ನಮ್ಮ ಭಾಗದಲ್ಲಿ ಇನ್ನೊಂದು ಕಷ್ಟ ಇದೆ, ಅದನ್ನು ಬಿ.ಇಡಿ.ಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಈಗಿನಿಂದ ಸಂಕ್ರಾಂತಿವರೆಗೆ ಹತ್ತಿ ಬಿಡಿಸುವ ಕಾಲ. ಹತ್ತನೇ ತರಗತಿ ಅರ್ಧ ಖಾಲಿ. ಅದೇ ಹೊತ್ತಿಗೆ ಸಿಲೆಬಸ್ ಮುಗಿಸಿ, ವಿಶೇಷ ತರಗತಿ ತಗೊಳ್ಳಿ, ಫಲಿತಾಂಶ ಹೆಚ್ಚಿಸಿ ಅಂತ ಸಭೆಗಳು. ಎಸ್ಸೆಸ್ಸೆಲ್ಸಿಯಲ್ಲಿ 2024ಕ್ಕೆ ಯಾದಗಿರಿ ಶೇ 50.59ರೊಂದಿಗೆ ರಾಜ್ಯದಲ್ಲೇ ಕೊನೆಯ ಜಿಲ್ಲೆ, 2025ಕ್ಕೆ ಪಕ್ಕದ ಕಲಬುರಗಿ ಶೇ 42.43ರೊಂದಿಗೆ ಕೊನೆಯದು. ಒತ್ತಡ ಇಳಿಯೋದು ಎಲ್ಲಿಂದ! ಖಾಲಿ ಬೆಂಚು ನೋಡಿದಾಗಲೆಲ್ಲ ತಪ್ಪು ನನ್ನದೇ ಅಂದುಕೊಂಡು ಒಳಗೊಳಗೇ ಬೇಯುತ್ತಿದ್ದೆ.

ಕೊನೆಗೆ ಪಾಠದ ಸರದಿಯನ್ನೇ ಬದಲಿಸಿದೆ. ಪ್ರಮೇಯ, ಶ್ರೇಢಿಗಳಂಥ ಗಟ್ಟಿ ಪಾಠ ದಸರೆಯ ಒಳಗೇ ಮುಗಿಯಬೇಕು. ಸಂಖ್ಯಾಶಾಸ್ತ್ರ, ಸಂಭವನೀಯತೆ ಹತ್ತಿ ಕಾಲಕ್ಕೆ. ಹೊಲದಿಂದ ವಾಪಸ್ ಬಂದ ಹುಡುಗಿ ಅವನ್ನು ಎರಡು-ಮೂರು ದಿನದಲ್ಲಿ ಹಿಡಿಯುತ್ತಾಳೆ, ಪ್ರಮೇಯವನ್ನು ಹಾಗೆ ಹಿಡಿಯಲಾಗದು. ಫೆಬ್ರವರಿ ಪೂರ್ತಿ ಪುನರಾವರ್ತನೆ. ಫಲಿತಾಂಶ ಜಿಗಿಯಿತು ಅಂತ ಹೇಳಲಾರೆ, ಆದರೆ ಡಿಸೆಂಬರಿನಲ್ಲಿ ನನಗೆ ನಿದ್ದೆ ಬರತೊಡಗಿತು. ಈ ವರ್ಷ ನಿಮಗೆ ಅದಕ್ಕೆ ಹೊತ್ತು ಮೀರಿದೆ. ಉಳಿದ ಪಾಠಗಳಲ್ಲಾದರೂ ಹಗುರವಾದವನ್ನು ಈಗ ಎತ್ತಿಕೊಳ್ಳಿ, ಗಟ್ಟಿಯವು ಸಂಕ್ರಾಂತಿ ಆದಮೇಲೆ.

ನೋಟ್‌ಬುಕ್ ಎಲ್ಲವನ್ನೂ ತಿದ್ದುವ ಹಟ ಬಿಡಿ. ನಾನು ವಾರಕ್ಕೆ ಒಂದೇ ಲೆಕ್ಕ ಆರಿಸಿ ಅದನ್ನಷ್ಟೇ ಪೂರಾ ನೋಡುತ್ತೇನೆ. ಸ್ಯಾಟ್ಸ್ ಎಂಟ್ರಿ (ಮಕ್ಕಳ ವಿವರವನ್ನು ಇಲಾಖೆಯ ಆನ್‌ಲೈನ್ ದಾಖಲೆಗೆ ತುಂಬುವ ಕೆಲಸ), ಮಕ್ಕಳಿಗೆ ಹಂಚುವ ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಶಾಲೆಯಲ್ಲೇ ಮುಗಿಯಲಿ, ಮುಗಿಯದಿದ್ದರೆ ನಾಳೆ. ರಾತ್ರಿ ಎಂಟರ ಮೇಲೆ ವಾಟ್ಸಾಪ್ ಗ್ರೂಪು ನೋಡುವುದಿಲ್ಲ. ಇದಕ್ಕೆ ಧೈರ್ಯ ಕೊಟ್ಟವರು ನಮ್ಮ ಹಿಂದಿನ ಹೆಡ್ ಮೇಡಂ: “ಮುಂಜಾನಿ ಉತ್ತರ ಕೊಟ್ಟರ ಸಾಲಿ ಏನ್ ಬಿದ್ದು ಹೋಗಂಗಿಲ್ರಿ ಸರ.” ಯೋಗ ಮಾಡಿ ಅನ್ನುವವರು ಬಹಳ ಸಿಗುತ್ತಾರೆ. ಆರೂವರೆ ಬಸ್ಸು ಹಿಡಿಯುವವರಿಗೆ ಅದಕ್ಕೆಲ್ಲಿ ಹೊತ್ತು? ಮಧ್ಯಾಹ್ನ ರೊಟ್ಟಿ ಹಂಚಿಕೊಂಡು ತಿನ್ನುವ ಒಬ್ಬ ಗೆಳತಿ ಸ್ಟಾಫ್ ರೂಮಿನಲ್ಲಿ ಸಿಕ್ಕರೆ ಅದಕ್ಕಿಂತ ಹೆಚ್ಚಿನ ಉಪಕಾರ.

ಊಟ, ನಿದ್ದೆ ಎರಡೂ ಕೆಟ್ಟು ವಾರಗಳಾಗಿದ್ದರೆ ಮಾತ್ರ ಇದ್ಯಾವುದನ್ನೂ ಕಾಯಬೇಡಿ, 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಯಾವ ವಿಷಯ ಕಲಿಸುತ್ತೀರಿ ಅಂತ ತಿಳಿಸಿದರೆ, ಉಳಿದ ಪಾಠಗಳ ಸರದಿ ಹೊಂದಿಸಲು ನಾನೂ ಕೂತು ನೋಡುತ್ತೇನೆ.