ಆರೋಪಿಯೇ ಒಪ್ಪಿಕೊಂಡ ಮೇಲೆ ಸಾಕ್ಷ್ಯ ಏಕೆ ಬೇಕು?

ಪ್ರಶ್ನೆ: ಪೊಲೀಸರ ಮುಂದೆ ಕೊಲೆಯನ್ನು ಒಪ್ಪಿಕೊಂಡ ಆರೋಪಿ, ನ್ಯಾಯಾಲಯದಲ್ಲಿ ಅದನ್ನು ನಿರಾಕರಿಸಿ ಬಿಡುಗಡೆಯಾದ ಸುದ್ದಿಗಳನ್ನು ಓದುತ್ತಿರುತ್ತೇನೆ. ಮಾಡದ ಕೊಲೆಯನ್ನು ಯಾರಾದರೂ ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆಯೇ?

ಉತ್ತರ: ಹೊತ್ತುಕೊಳ್ಳುತ್ತಾರೆ, ಅದಕ್ಕೆ ಹೊಡೆತವೇ ಬೀಳಬೇಕೆಂದಿಲ್ಲ. ನಿದ್ದೆಗೆಡಿಸಿ ನಡೆಸುವ ದೀರ್ಘ ವಿಚಾರಣೆ, ವಕೀಲರ ನೆರವಿಲ್ಲದ ಒಂಟಿತನ, ಒಪ್ಪಿಕೊಂಡರೆ ಮನೆಗೆ ಹೋಗಬಹುದೆಂಬ ಆಸೆ, ಇವುಗಳಲ್ಲಿ ಒಂದೇ ಸಾಕಾಗಬಹುದು. ಎಳೆಯ ವಯಸ್ಸಿನವರು ಇನ್ನೂ ಬೇಗ ಮಣಿಯುತ್ತಾರೆ.

ಜಪಾನಿನ ಇವಾವೊ ಹಕಮಾಡ ಪ್ರಕರಣವನ್ನೇ ನೋಡಿ. ಒಂದೇ ಕುಟುಂಬದ ನಾಲ್ವರ ಕೊಲೆಯ ಆರೋಪದಲ್ಲಿ 1966ರಲ್ಲಿ ಬಂಧಿತರಾದ ಈ ಮಾಜಿ ಬಾಕ್ಸರ್, ದಿನವೂ ಗಂಟೆಗಟ್ಟಲೆ ನಡೆದ ವಿಚಾರಣೆಯ ಕೊನೆಗೆ ತಪ್ಪೊಪ್ಪಿಕೊಂಡರು. ದಾಖಲಾದ 45 ಹೇಳಿಕೆಗಳಲ್ಲಿ 44ನ್ನು ನ್ಯಾಯಾಲಯ ತಳ್ಳಿಹಾಕಿತಾದರೂ, ಉಳಿದ ಒಂದನ್ನು ಸ್ವೀಕರಿಸಿ 1968ರಲ್ಲಿ ಮರಣದಂಡನೆ ವಿಧಿಸಿತು. ಕೃತ್ಯದ ವೇಳೆ ಪೈಜಾಮ ಧರಿಸಿದ್ದೆ ಎಂದು ಅವರಿಂದ ಹೇಳಿಸಲಾಗಿತ್ತು; ವರ್ಷ ಕಳೆದ ಮೇಲೆ ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ತೊಟ್ಟಿಯಲ್ಲಿ ರಕ್ತದ ಕಲೆಗಳಿದ್ದ ಬೇರೆಯೇ ಬಟ್ಟೆಗಳು ‘ಸಿಕ್ಕವು’. ಆ ತಪ್ಪೊಪ್ಪಿಗೆಯೂ ಆ ಬಟ್ಟೆಗಳೂ ಸೃಷ್ಟಿಸಿದ ಸಾಕ್ಷ್ಯಗಳೆಂದು ಮರುವಿಚಾರಣೆಯ ನ್ಯಾಯಾಲಯ ಹೇಳಿ, ಅವರನ್ನು ನಿರ್ದೋಷಿಯೆಂದು ಘೋಷಿಸಿದ್ದು 2024ರಲ್ಲಿ. ತಪ್ಪೊಪ್ಪಿಗೆಯೊಂದನ್ನೇ ನೆಚ್ಚಿ ಶಿಕ್ಷಿಸಬಾರದೆಂದು ಜಪಾನಿನ ಸಂವಿಧಾನದ 38ನೇ ವಿಧಿ ಆಗಲೂ ಹೇಳುತ್ತಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಪೂರಕ ಸಾಕ್ಷ್ಯವೂ ತಪ್ಪೊಪ್ಪಿಗೆ ಬರೆಸಿಕೊಂಡವರ ಕೈಯಿಂದಲೇ ಬಂದದ್ದಾದರೆ ಅಂಥ ನಿಯಮ ಯಾರನ್ನೂ ಕಾಯಲಾರದು.

ಆದ್ದರಿಂದ ನ್ಯಾಯಾಧೀಶರು ಮೊದಲು ನೋಡುವುದು, ಹೇಳಿಕೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೇ ಎಂಬುದನ್ನು. ತನ್ನ ವಿರುದ್ಧ ತಾನೇ ನುಡಿಯುವಂತೆ ಯಾರನ್ನೂ ಬಲವಂತಪಡಿಸಬಾರದೆಂದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೇ ವಿಧಿ ಹೇಳುತ್ತದೆ. ಇಂಗ್ಲೆಂಡಿನ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯಂತೆ, ದಬ್ಬಾಳಿಕೆಯ ಪ್ರಶ್ನೆ ಎದ್ದಾಗ ಹಾಗೆ ನಡೆದಿಲ್ಲವೆಂದು ಸಂಶಯಾತೀತವಾಗಿ ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್ನಿನದು.

ಸ್ವೀಕರಿಸಿದ ಮೇಲೆ ಅದರ ತೂಕದ ಪ್ರಶ್ನೆ ಬರುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಇದೇ. ಕೃತ್ಯ ಎಸಗಿದವನಿಗೆ ಮಾತ್ರ ಗೊತ್ತಿರಬಹುದಾದ ಸಂಗತಿ ಹೇಳಿಕೆಯಲ್ಲಿದೆಯೇ, ಇದ್ದರೆ ಅದು ತನಿಖಾಧಿಕಾರಿಗೆ ಮೊದಲೇ ಗೊತ್ತಿತ್ತೇ? ಯಾರಿಗೂ ತಿಳಿಯದ ಜಾಗದಲ್ಲಿ ಹೂತಿಟ್ಟ ಆಯುಧ ಆರೋಪಿಯ ಮಾತಿನಿಂದಲೇ ಸಿಕ್ಕು, ಅದರ ಅಳತೆ ಮರಣೋತ್ತರ ಪರೀಕ್ಷೆಯ ಗಾಯಗಳಿಗೆ ಹೊಂದಿದರೆ, ಆ ಮಾತಿಗೆ ಬಲ ಬರುತ್ತದೆ. ಸ್ಥಳ ಮಹಜರಿನಲ್ಲಿ ಆಗಲೇ ಬರೆದಿದ್ದ ವಿವರಗಳೇ ಆರೋಪಿಯ ಬಾಯಲ್ಲಿ ಮರಳಿ ಬಂದಿದ್ದರೆ, ಅವು ಎಷ್ಟೇ ನಿಖರವಾಗಿದ್ದರೂ ಅವನ ಅಪರಾಧವನ್ನು ತೋರಿಸುವುದಿಲ್ಲ. ಆಯುಧದ ಮಾತನ್ನು ಮೊದಲು ಎತ್ತಿದವರು ಯಾರೆಂದು ತಿಳಿಯಲು ವಿಚಾರಣೆಯನ್ನು ಆರಂಭದಿಂದಲೇ ಚಿತ್ರೀಕರಿಸಬೇಕು. ಕೊನೆಯ ಹತ್ತು ನಿಮಿಷದ ದೃಶ್ಯದಿಂದ ಅದು ತಿಳಿಯದು.

ಆರೋಪಿ ಮಾತು ಹಿಂತೆಗೆದುಕೊಂಡ ಮಾತ್ರಕ್ಕೆ ತಪ್ಪೊಪ್ಪಿಗೆ ತಾನಾಗಿ ಬಿದ್ದುಹೋಗುವುದಿಲ್ಲ; ಯಾವಾಗ, ಏಕೆ ಹಿಂತೆಗೆದುಕೊಂಡ ಎಂಬುದನ್ನು ಪರಿಶೀಲಿಸಿ, ಸ್ವತಂತ್ರ ಸಾಕ್ಷ್ಯದ ಆಸರೆಯನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಹುಡುಕಲಾಗುತ್ತದೆ. ಮುಂದೆ ಅಂಥ ಬಿಡುಗಡೆಯ ಸುದ್ದಿ ಕಂಡಾಗ ಸಾಧ್ಯವಾದರೆ ತೀರ್ಪನ್ನೇ ತರಿಸಿ ಓದಿ, ಹೇಳಿಕೆಯ ನಂತರ ಹೊಸದಾಗಿ ಏನು ಪತ್ತೆಯಾಯಿತು ಎಂಬ ಭಾಗವನ್ನು ಮೊದಲು ಗಮನಿಸಿ.