ಮ್ಯಾಡ್ರಿಡ್‌ಗೆ ಬರುವ ಮುನ್ನ ‘ತೆನೇರ್’ ಎಂಬ ಒಂದು ಕ್ರಿಯಾಪದ ಕಲಿತು ಬನ್ನಿ

ನಿಮ್ಮ ಪತ್ರ ಓದಿದೆ. ಯಜಮಾನರಿಗೆ ಮ್ಯಾಡ್ರಿಡ್‌ನಲ್ಲಿ ಕೆಲಸವಾಗಿದೆ, ಅವರ ಆಫೀಸಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತದೆ, ನೀವು ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಆಗಸ್ಟ್ ಕೊನೆಗೆ ಬರುತ್ತಿದ್ದೀರಿ. “ಅಕ್ಕಾ, ಸ್ಪ್ಯಾನಿಷ್ ಬಾರದೆ ಅಲ್ಲಿ ಬದುಕು ನಡೆಯುತ್ತಾ? ಕಲಿಯೋಣ ಅಂತ ವ್ಯಾಕರಣ ಪುಸ್ತಕ ತೆಗೆದರೆ ಒಂದೊಂದು ಕ್ರಿಯಾಪದಕ್ಕೂ ಪುಟದ ತುಂಬಾ ರೂಪಗಳು, ಅಲ್ಲಿಗೇ ಮುಚ್ಚಿಟ್ಟೆ” ಎಂದು ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಯಜಮಾನರಿಗೆ ನಡೆಯುತ್ತದೆ, ನಿಮಗೆ ನಡೆಯುವುದಿಲ್ಲ. ಅವರು ಬೆಳಿಗ್ಗೆ ಆಫೀಸಿಗೆ ಹೊರಟ ಮೇಲೆ ಉಳಿಯುವುದೆಲ್ಲ ಸ್ಪ್ಯಾನಿಷಿನಲ್ಲೇ ಇದೆ: ಮನೆ ವಿಳಾಸದ ನೋಂದಣಿ, ಮಗನ ಶಾಲೆ, ಮಕ್ಕಳ ಡಾಕ್ಟರು, ತರಕಾರಿ ಅಂಗಡಿ, ಲಿಫ್ಟಿನಲ್ಲಿ ಸಿಗುವ ಮೇಲಿನ ಮನೆಯ ಅಜ್ಜಿ. ಊಟದ ಬಗ್ಗೆ ಹೆಚ್ಚು ಯೋಚಿಸಬೇಡಿ. ಲಾವಾಪಿಯೆಸ್ ಬಡಾವಣೆಯ ಅಂಗಡಿಗಳಲ್ಲಿ ಬೇಳೆ, ಮಸಾಲೆ ಸಾಮಾನು ಸಿಗುತ್ತವೆ. ಹೋಟೆಲಿನಲ್ಲಿ ಮಾತ್ರ ಮಾಂಸ ಬೇಡ ಎಂದರೆ ಸಾಲದು, ಮೀನೂ ಬೇಡ ಎಂದು ಬೇರೆಯಾಗಿ ಹೇಳಿ. ಇಲ್ಲವಾದರೆ ಸಲಾಡ್ ಮೇಲೆ ಟ್ಯೂನಾ ಮೀನು ಬಂದು ಕೂತಿರುತ್ತದೆ. ಇವೆಲ್ಲ ತಾನಾಗಿ ರೂಢಿಯಾಗುತ್ತವೆ. ಭಾಷೆ ಹಾಗಲ್ಲ, ಅದನ್ನು ಈಗಿನಿಂದಲೇ ಹಿಡಿಯಬೇಕು.

ಇನ್ನು ಆ ಪುಟದ ತುಂಬಾ ರೂಪಗಳ ವಿಷಯ. ನೂರು ಕ್ರಿಯಾಪದಗಳ ಕೋಷ್ಟಕ ಉರುಹೊಡೆಯಬೇಡಿ. ಒಂದೇ ಒಂದನ್ನು ಎಲ್ಲ ಕಾಲಗಳಲ್ಲೂ ಎಲ್ಲ ಅರ್ಥಗಳಲ್ಲೂ ಕಲಿತು ಬನ್ನಿ. ಅದು ‘ತೆನೇರ್’. ಇರುವುದು, ಹೊಂದಿರುವುದು ಎಂಬ ಅರ್ಥ. ಹಸಿವು, ಬಾಯಾರಿಕೆ, ಚಳಿ, ನಿದ್ದೆ, ಭಯ, ಅವಸರ, ವಯಸ್ಸು ಎಲ್ಲಕ್ಕೂ ಇದೇ ಕ್ರಿಯಾಪದ. ಪಕ್ಕದಲ್ಲಿ ‘ಕೆ’ ಸೇರಿಸಿದರೆ ನಮ್ಮ ‘ಬೇಕು’ ಆಗುತ್ತದೆ: ‘ತೆಂಗೊ ಕೆ ಇರ್’ ಎಂದರೆ ‘ನಾನು ಹೋಗಬೇಕು’. ಇನ್ನೊಂದು ಮಾತು, ನನಗೆ ಇದು ಎಲ್ಲಕ್ಕಿಂತ ಮುಖ್ಯ: ಇಂಗ್ಲಿಷಿನ ಮೂಲಕ ಕಲಿಯಬೇಡಿ, ಕನ್ನಡದಿಂದ ನೇರವಾಗಿ ಹೋಗಿ. ಇಂಗ್ಲಿಷ್ ಬಲ್ಲವರು ತಿಂಗಳುಗಟ್ಟಲೆ ಒದ್ದಾಡುವ ಕೆಲವು ಭೇದಗಳು ನಿಮ್ಮ ಬಾಯಲ್ಲಿ ಆಗಲೇ ಇವೆ.

ಹೇಗೆಂದು ನೋಡಿ. ಬಂದೆ, ಬಂದ, ಬಂದಳು, ಬಂದೆವು, ಬಂದರು ಅನ್ನುವಾಗ ನಾನು, ಅವನು, ಅವಳು ಎಂದು ಹೇಳುವ ಅಗತ್ಯವೇ ನಮಗಿಲ್ಲ, ಕೊನೆಯ ಪ್ರತ್ಯಯವೇ ಹೇಳುತ್ತದೆ. ಸ್ಪ್ಯಾನಿಷಿನಲ್ಲೂ ಅಷ್ಟೆ. ತೆಂಗೊ ಅಂದರೆ ನಾನು, ತಿಯೆನೆಸ್ ಅಂದರೆ ನೀನು, ತಿಯೆನೆ ಅಂದರೆ ಅವನು ಅಥವಾ ಅವಳು, ತೆನೇಮೊಸ್ ಅಂದರೆ ನಾವು, ತೆನೇಯ್ಸ್ ಅಂದರೆ ನೀವೆಲ್ಲ, ತಿಯೆನೆನ್ ಅಂದರೆ ಅವರು. ಆ ‘ತ’ ನಮ್ಮದೇ ‘ತ’, ಹಲ್ಲಿಗೆ ನಾಲಗೆ ತಾಗಿಸಿ ಹೇಳುವಂಥದ್ದು. ನೀನು, ನೀವು ಎಂಬ ಮರ್ಯಾದೆಯ ಭೇದವೂ ಇದೆ. ‘ತೂ’ ನೀನು, ‘ಉಸ್ತೆದ್’ ನೀವು. ಆದರೆ ಉಸ್ತೆದ್ ಜೊತೆ ಬರುವುದು ಅವನು/ಅವಳು ರೂಪ, ಅಂದರೆ ತಿಯೆನೆ. ಸ್ಪೇನಿನಲ್ಲಿ ಬಾಸ್‌ಗೂ ಶಾಲೆಯ ಟೀಚರಿಗೂ ‘ತೂ’ ಅಂದುಬಿಡುತ್ತಾರೆ, ಅದರಲ್ಲಿ ಅಗೌರವವಿಲ್ಲ. ಮೇಲಿನ ಮನೆಯ ಅಜ್ಜಿಗೆ, ಸರ್ಕಾರಿ ಕೌಂಟರಿನಲ್ಲಿ ಕೂತವರಿಗೆ ‘ಉಸ್ತೆದ್’ ಅನ್ನಿ, ಎಲ್ಲೂ ತಪ್ಪಾಗುವುದಿಲ್ಲ.

ಒಂದು ಕಡೆ ಮಾತ್ರ ಕನ್ನಡ ಅಡ್ಡ ಬರುತ್ತದೆ. ನಮಗೆ ‘ನನಗೆ’ ಹಸಿವಾಗುತ್ತದೆ, ‘ನನಗೆ’ ಇಬ್ಬರು ಮಕ್ಕಳಿದ್ದಾರೆ. ಅವರಿಗೆ ‘ನಾನು’ ಹಸಿವನ್ನು ಹೊಂದಿದ್ದೇನೆ. ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ಬೇಗ ಒಗ್ಗುತ್ತದೆ. ಇಷ್ಟಪಡುವ ಮಾತಿಗೆ ಬಂದರೆ ಅವರೂ ನಮ್ಮ ದಾರಿಗೇ ಬರುತ್ತಾರೆ: ‘ಮೆ ಗೂಸ್ತ’ ಅಂದರೆ ಅಚ್ಚಾಗಿ ‘ನನಗೆ ಇಷ್ಟ’.

ಈಗ ಕೌಂಟರಿಗೆ ಬನ್ನಿ. ನೀವು ಬಂದ ಮೇಲೆ ಮೊದಲು ಮಾಡಿಸಬೇಕಾದ್ದು ಎಂಪದ್ರೊನಮ್ಯೆಂತೊ, ನಗರಸಭೆಯಲ್ಲಿ ವಿಳಾಸದ ನೋಂದಣಿ. ಅದಾದರೆ ಶಾಲೆಗೂ ಆರೋಗ್ಯ ಕೇಂದ್ರಕ್ಕೂ ದಾರಿ ಸಲೀಸು. ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ: ‘ತಿಯೆನೆ ಥೀತ?’ ಅಪಾಯಿಂಟ್‌ಮೆಂಟ್ ಇದೆಯಾ? ‘ತೆಂಗೊ ಥೀತ’ ಎಂದರೂ ಸರಿಯೇ. ಆದರೆ ಇಲ್ಲಿನವರ ಬಾಯಲ್ಲಿ ‘ತೆನೀಯ ಥೀತ ಅ ಲಾಸ್ ದಿಯೆಥ್’ ಎಂದು ಬರುವುದು ಹೆಚ್ಚು. ‘ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ಇತ್ತು.’ ಇದೆ ಅನ್ನುವ ಬದಲು ಇತ್ತು ಎಂದರೆ ಮಾತು ಮೆತ್ತಗಾಗುತ್ತದೆ. ನಾವು ದಾವಣಗೆರೆಯ ಕ್ಲಿನಿಕ್ಕಿನಲ್ಲೂ ಹೀಗೇ ಅನ್ನುತ್ತೇವಲ್ಲ, “ಡಾಕ್ಟರ ಹತ್ರ ಒಂದು ವಿಷಯ ಕೇಳೋದಿತ್ತು” ಅಂತ. ಕೇಳುವುದು ಈಗಲೇ, ಮರ್ಯಾದೆಗೆ ಭೂತಕಾಲ. ಅಂಗಡಿಯಲ್ಲಿ ಟೊಮೆಟೊ ಕೇಳುವಾಗಲೂ ‘ಕೆರೀಯ’ ಅನ್ನುತ್ತಾರೆ, ಬೇಕಿತ್ತು ಎಂದು.

ಆ ಕೌಂಟರಿನಲ್ಲಿ ಒಂದು ಕಾಗದ ಕಡಿಮೆ ಬಿತ್ತು ಎಂದುಕೊಳ್ಳಿ. ‘ತೆಂದ್ರಾ ಕೆ ವೋಲ್ವೇರ್’ ಅನ್ನುತ್ತಾರೆ: ಮತ್ತೆ ಬರಬೇಕಾಗುತ್ತದೆ. ಸ್ವಲ್ಪ ಮೃದು ಸ್ವಭಾವದವರಾದರೆ ‘ತೆಂದ್ರೀಯ ಕೆ ತ್ರಾಯೇರ್ ಎಲ್ ಒರಿಖಿನಾಲ್’, ಮೂಲ ಪ್ರತಿ ತರಬೇಕಾದೀತು ಎನ್ನುವ ಧಾಟಿ. ತೆಂದ್ರಾ ಭವಿಷ್ಯತ್ತು, ತೆಂದ್ರೀಯ ಆದರೆ-ಹೋದರೆ ಲೆಕ್ಕದ್ದು. ಎರಡಕ್ಕೂ ಬುಡ ಒಂದೇ, ನಡುವೆ ಒಂದು ‘ದ’ ನುಸುಳುತ್ತದೆ. ವೆನೀರ್ (ಬರುವುದು), ಪೊನೇರ್ (ಇಡುವುದು), ಸಲೀರ್ (ಹೊರಡುವುದು) ಎಂಬವುಗಳಿಗೂ ಇದೇ ‘ದ’ ಬರುತ್ತದೆ: ವೆಂದ್ರಾ, ಪೊಂದ್ರಾ, ಸಲ್ದ್ರಾ. ಒಂದನ್ನು ಸರಿಯಾಗಿ ಕಲಿತರೆ ಅದರ ನೆಂಟರೆಲ್ಲ ಜೊತೆಗೆ ಬರುತ್ತಾರೆ ಎಂದು ನಾನು ಹೇಳುವುದು ಇದಕ್ಕೇ.

ಈಗ ನಿಜವಾದ ಗಂಟು, ಎರಡು ಭೂತಕಾಲಗಳು. ‘ತೂವೆ’ ಮತ್ತು ‘ತೆನೀಯ’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಅದಕ್ಕೇ ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ವಿವರಣೆ ಪುಟಗಟ್ಟಲೆ ಹೋಗುತ್ತದೆ. ಕನ್ನಡದಲ್ಲಿ ಎರಡು ಪದ: ಆಯಿತು, ಇತ್ತು. “ನಿನ್ನೆ ಬ್ಯಾಂಕಿಗೆ ಹೋಗಬೇಕಾಯ್ತು” ಎಂದರೆ ನೀವು ಹೋಗಿ ಬಂದಿದ್ದೀರಿ. “ನಿನ್ನೆ ಬ್ಯಾಂಕಿಗೆ ಹೋಗಬೇಕಿತ್ತು” ಎಂದರೆ ಹೋದಿರೋ ಇಲ್ಲವೋ, ಮುಂದಿನ ಮಾತು ಕೇಳಬೇಕು. ಸ್ಪ್ಯಾನಿಷಿನಲ್ಲಿ ಮೊದಲನೆಯದು ‘ತೂವೆ ಕೆ ಇರ್’, ಎರಡನೆಯದು ‘ತೆನೀಯ ಕೆ ಇರ್’. ಹೆಚ್ಚಿನ ಕಡೆ ಹೀಗೇ ಕೂಡಿಬರುತ್ತದೆ. ತೂವೆ ‘ನಾನು’ ರೂಪ, ತೂವೊ ಅದರದೇ ಅವನು/ಅವಳು ರೂಪ. ‘ತೂವೊ ಉನ್ ನೀನ್ಯೊ’, ಅವಳಿಗೆ ಗಂಡುಮಗು ಆಯಿತು. ‘ತೆನೀಯ ಉನ್ ನೀನ್ಯೊ’, ಅವಳಿಗೆ ಗಂಡುಮಗು ಇತ್ತು. ಯಾರೂ ನಿಮಗೆ ವ್ಯಾಕರಣ ಹೇಳಿಕೊಡಬೇಕಾಗಿಲ್ಲ, ಮನಸ್ಸಿನಲ್ಲಿ ಕನ್ನಡ ವಾಕ್ಯ ಕಟ್ಟಿ ನೋಡಿ. ಒಂದು ಎಚ್ಚರಿಕೆ: ಇಂತಿಷ್ಟು ಹೊತ್ತು ಎಂದು ಅಳತೆ ಹೇಳಿ ಮುಗಿಸಿದ್ದಕ್ಕೆ ಅವರು ತೂವೆಯನ್ನೇ ಬಳಸುತ್ತಾರೆ. “ಮೂರು ದಿನ ಜ್ವರ ಇತ್ತು” ಎಂದು ನಾವು ಹೇಳುವ ಕಡೆ ಅವರದು ‘ತೂವೊ ಫಿಯೆಬ್ರೆ ತ್ರೆಸ್ ದೀಯಸ್’.

ಜ್ವರದ ಮಾತು ಬಂತಲ್ಲ, ಇದನ್ನು ಚೆನ್ನಾಗಿ ನೆನಪಿಡಿ, ಮೊದಲ ಚಳಿಗಾಲದಲ್ಲೇ ಬೇಕಾಗುತ್ತದೆ. ಶಾಲೆಗೆ ಹೊಸದಾಗಿ ಸೇರಿದ ಮಕ್ಕಳಿಗೆ ನೆಗಡಿ, ಕೆಮ್ಮು, ಜ್ವರ ತಪ್ಪಿದ್ದಲ್ಲ. ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಡಾಕ್ಟರು ಇರುತ್ತಾರೆ. ಅವರು ಕೇಳುವುದು ‘ದೆಸ್ದೆ ಕ್ವಾಂದೊ ತಿಯೆನೆ ಫಿಯೆಬ್ರೆ?’ ಯಾವಾಗಿನಿಂದ ಜ್ವರ ಇದೆ? ಉತ್ತರ ‘ತಿಯೆನೆ ಫಿಯೆಬ್ರೆ ದೆಸ್ದೆ ಆಯೇರ್’, ನಿನ್ನೆಯಿಂದ ಜ್ವರ ಇದೆ. ವರ್ತಮಾನವೇ, ನಮ್ಮ ಹಾಗೆಯೇ. ಇಂಗ್ಲಿಷಿನಿಂದ ಅನುವಾದಿಸಲು ಹೊರಟರೆ ಇಲ್ಲಿ ಕಾಲ ಕೆಡುತ್ತದೆ. ಆಮೇಲೆ ‘ಆ ತೆನೀದೊ ತೋಸ್?’ ಅನ್ನುತ್ತಾರೆ, ಈ ನಡುವೆ ಕೆಮ್ಮು ಬಂದಿದೆಯಾ ಎಂದು. ಇವತ್ತು, ಈ ವಾರ, ಇನ್ನೂ ಮುಗಿಯದ ಅವಧಿ ಆದರೆ ಮ್ಯಾಡ್ರಿಡ್‌ನವರು ಈ ‘ಆ ತೆನೀದೊ’ ರೂಪವನ್ನೇ ಬಳಸುತ್ತಾರೆ. ನಿನ್ನೆ, ಹೋದ ವಾರ ಎಂದರೆ ‘ತೂವೊ’. ನಿಮ್ಮ ಮಗನ ಗೆಳೆಯನ ತಾಯಿ ಕೊಲಂಬಿಯಾದವರೋ ಪೆರುವಿನವರೋ ಆಗಿದ್ದರೆ ಇವತ್ತಿನದಕ್ಕೂ ‘ತೂವೊ’ ಅಂದಾರು. ಅದು ತಪ್ಪಲ್ಲ, ಅವರ ಊರಿನ ಸ್ಪ್ಯಾನಿಷ್. ಅವರು ತೆನೇಯ್ಸ್ ಎಂಬ ರೂಪವನ್ನೂ ಬಳಸುವುದಿಲ್ಲ, ನೀವೆಲ್ಲ ಎನ್ನಲು ತಿಯೆನೆನ್ ಸಾಕು ಅವರಿಗೆ.

ಈಗಷ್ಟೇ ‘ಅಂದಾರು’ ಎಂದೆನಲ್ಲ, ಆ ಬಂದಾನು, ಇದ್ದೀತು ರೂಪ, ನಾವು ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಓದಿದ್ದು, ಸ್ಪ್ಯಾನಿಷಿನ ಭವಿಷ್ಯತ್ತಿನೊಳಗೆ ಅಡಗಿದೆ. ‘ತೆಂದ್ರಾ ಕ್ವರೆಂತ ಆನ್ಯೊಸ್’ ಎಂದರೆ ‘ಅವನಿಗೆ ನಲವತ್ತು ಇದ್ದೀತು’ ಎಂದೂ ಆಗುತ್ತದೆ. ಮುಂದೆ ಆಗುವುದನ್ನಲ್ಲ, ಈಗಿನದನ್ನೇ ಅಂದಾಜು ಮಾಡುವುದು. ಇದು ಗೊತ್ತಿಲ್ಲದಿದ್ದರೆ ಇಲ್ಲಿನವರ ಅರ್ಧ ಮಾತು ಜ್ಯೋತಿಷ್ಯದಂತೆ ಕೇಳಿಸುತ್ತದೆ.

ಎಲ್ಲರನ್ನೂ ಹೆದರಿಸುವುದು ಸುಬ್‌ಖುಂತೀವೊ (ಇಂಗ್ಲಿಷಿನಲ್ಲಿ ಸಬ್‌ಜಂಕ್ಟಿವ್) ಎಂಬ ಅಧ್ಯಾಯ, ಹಾರೈಕೆ, ಆಜ್ಞೆ, ಇನ್ನೂ ಆಗದ್ದನ್ನು ಹೇಳುವ ರೂಪಗಳದ್ದು. ಅದಕ್ಕೆ ನಮ್ಮ ‘ಇರಲಿ’ಯಿಂದ ಒಳಗೆ ಹೋಗಿ. ಇಲ್ಲಿನ ಮೆಟ್ರೊದಲ್ಲಿ ಪ್ಲಾಟ್‌ಫಾರ್ಮ್ ಬಾಗಿರುವ ನಿಲ್ದಾಣ ಬಂದಾಗ ಧ್ವನಿವರ್ಧಕದಲ್ಲಿ ‘ತೆಂಗನ್ ಕುಯಿದಾದೊ’ ಎಂದು ಕೇಳುತ್ತೀರಿ. ಇಳಿಯುವಾಗ ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಕಾಲು ಸಿಕ್ಕೀತು, ಎಚ್ಚರ ಇರಲಿ ಎಂದು. ತೆಂಗನ್, ಇರಲಿ. ಬೇಕರಿಯವರು ಕೈಗೆ ಬ್ರೆಡ್ ಕೊಡುತ್ತಾ ‘ತೆಂಗ’ ಅಂದರೆ ‘ತಗೊಳ್ಳಿ’. ಹೊರಡುವಾಗ ‘ಕೆ ತೆಂಗ ಬ್ವೆನ್ ದೀಯ’ ಅಂದರೆ ದಿನ ಚೆನ್ನಾಗಿರಲಿ. ಅದಕ್ಕೆ ‘ಇಗ್ವಾಲ್‌ಮೆಂತೆ’ ಅನ್ನಿ, ನಿಮಗೂ ಎಂದು. ರೂಪ ಕಟ್ಟುವುದೂ ಸುಲಭ: ತೆಂಗೊ ಗೊತ್ತಿದ್ದರೆ ಕೊನೆಯ ‘ಒ’ ತೆಗೆದು ‘ಅ’ ಹಾಕಿ. ವೆಂಗೊ (ಬರುತ್ತೇನೆ), ಪೊಂಗೊ (ಇಡುತ್ತೇನೆ), ಆಗೊ (ಮಾಡುತ್ತೇನೆ), ದೀಗೊ (ಹೇಳುತ್ತೇನೆ), ಸಾಲ್ಗೊ (ಹೊರಡುತ್ತೇನೆ) ಎಲ್ಲಕ್ಕೂ ಇದೇ ಲೆಕ್ಕ. ಆದರೆ ಹಾರೈಕೆ ಆಜ್ಞೆಗಳನ್ನು ಬಿಟ್ಟು ಮುಂದೆ ಹೋದರೆ ಕನ್ನಡ ಅಷ್ಟಾಗಿ ಕೈಹಿಡಿಯುವುದಿಲ್ಲ. ‘ಕ್ವಾಂದೊ ತೆಂಗ ಲೋಸ್ ಪಪೇಲೆಸ್’, ಕಾಗದಪತ್ರ ಕೈಗೆ ಬಂದಾಗ. ಇನ್ನೂ ಬಂದಿಲ್ಲ, ಅದಕ್ಕೆ ತೆಂಗ. ಇದನ್ನು ಕೇಳಿ ಕೇಳಿಯೇ ಕಲಿಯಬೇಕು.

‘ಇದ್ದಿದ್ದರೆ’ ಎನ್ನಲು ತುವಿಯೆರ. ‘ಸಿ ತೆಂಗೊ ತಿಯೆಂಪೊ, ವೋಯ್’, ಸಮಯ ಇದ್ದರೆ ಹೋಗುತ್ತೇನೆ. ‘ಸಿ ತುವಿಯೆರ ತಿಯೆಂಪೊ, ಇರೀಯ’, ಸಮಯ ಇದ್ದಿದ್ದರೆ ಹೋಗುತ್ತಿದ್ದೆ. ಇದನ್ನು ತುವಿಯೆರೊನ್ ಎಂಬ ‘ಅವರು’ ರೂಪದಿಂದ ಕಟ್ಟಬೇಕು, ಕೊನೆಯ ‘ರೊನ್’ ತೆಗೆದು ‘ರ’ ಸೇರಿಸಿ. ಈ ನಿಯಮಕ್ಕೆ ಸ್ಪ್ಯಾನಿಷಿನಲ್ಲಿ ಅಪವಾದವೇ ಇಲ್ಲ. ಪುಸ್ತಕದ ಕೊನೆಯಲ್ಲಿ ತುವಿಯೆರೆ ಎಂಬ ಇನ್ನೊಂದು ರೂಪವೂ ಕಾಣುತ್ತದೆ, ಅದನ್ನು ಬಿಟ್ಟುಬಿಡಿ. ಈಗ ಅದು ಉಳಿದಿರುವುದು ಕಾನೂನಿನ ಬರಹದಲ್ಲಷ್ಟೆ.

ಬಂದ ಮೇಲೆ ತರಗತಿಗೆ ಸೇರಿ. ಎಸ್ಕ್ವೇಲ ಓಫಿಥಿಯಾಲ್ ದೆ ಇದಿಯೋಮಸ್ ಎಂಬ ಸರ್ಕಾರಿ ಭಾಷಾಶಾಲೆಗಳಿವೆ, ಕೆಲವು ಕಡೆ ವಿದೇಶೀಯರಿಗೆ ಸ್ಪ್ಯಾನಿಷ್ ಕಲಿಸುತ್ತಾರೆ, ಖಾಸಗಿಯವುಗಳಿಗಿಂತ ಶುಲ್ಕ ಬಹಳ ಕಡಿಮೆ. ವಯಸ್ಕರ ಶಿಕ್ಷಣ ಕೇಂದ್ರಗಳಲ್ಲೂ ವಿಚಾರಿಸಿ. ಮುಂದೆ ಪೌರತ್ವದ ಯೋಚನೆ ಬಂದರೆ ಭಾರತೀಯರಿಗೆ 10 ವರ್ಷದ ಕಾನೂನುಬದ್ಧ ವಾಸ ಬೇಕು, ಜೊತೆಗೆ ಸ್ಪೇನಿನ ಸರ್ಕಾರಿ ಭಾಷಾ ಸಂಸ್ಥೆ ಇನ್ಸ್ತಿತೂತೊ ಥೆರ್ವಾಂತೆಸ್ ನಡೆಸುವ ಎರಡು ಪರೀಕ್ಷೆ: ಭಾಷೆಗೆ ಡೆಲೆ ಎ2 ಎಂಬ ಆರಂಭಿಕ ಹಂತದ್ದು, ದೇಶದ ಆಡಳಿತ ಮತ್ತು ಬದುಕಿನ ಬಗ್ಗೆ 25 ಪ್ರಶ್ನೆಗಳ ಇನ್ನೊಂದು, ಅದರಲ್ಲಿ 15 ಸರಿಯಾದರೆ ಪಾಸು. ತೆನೇರ್ ಒಂದು ಕೈವಶವಾದವರಿಗೆ ಆ ಭಾಷಾ ಪರೀಕ್ಷೆ ಕಷ್ಟವಲ್ಲ.

ಮಗನ ಬಗ್ಗೆ ಚಿಂತೆ ಬೇಡ. ಮೂರರಿಂದ ಆರು ವರ್ಷದವರಿಗೆ ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲ, ತರಗತಿ ಸೆಪ್ಟೆಂಬರ್ ಮೊದಲ ಭಾಗದಲ್ಲೇ ಶುರುವಾಗುತ್ತದೆ. ಹಾಗಾಗಿ ಮನೆಯ ಬಾಡಿಗೆ ಕರಾರಿಗೆ ಸಹಿ ಬಿದ್ದ ದಿನವೇ ಎಂಪದ್ರೊನಮ್ಯೆಂತೊಗೆ ಥೀತ ತೆಗೆದುಕೊಳ್ಳಿ, ಮೂವರ ಪಾಸ್‌ಪೋರ್ಟ್, ಕರಾರಿನ ಮೂಲ ಪ್ರತಿ, ನಕಲು ಮತ್ತು ಮಗನ ಜನನ ಪ್ರಮಾಣಪತ್ರ ಜೊತೆಗಿರಲಿ. ಜನನ ಪ್ರಮಾಣಪತ್ರಕ್ಕೆ ಊರಿನಲ್ಲಿರುವಾಗಲೇ ಅಪಾಸ್ಟಿಲ್ (ಬೇರೆ ದೇಶದಲ್ಲೂ ಮಾನ್ಯವಾಗಲು ಸರ್ಕಾರ ಹಾಕುವ ದೃಢೀಕರಣ ಮುದ್ರೆ) ಮಾಡಿಸಿಕೊಳ್ಳಿ, ಇಲ್ಲಿಗೆ ಬಂದ ಮೇಲೆ ಅದು ತಿಂಗಳುಗಳ ಕೆಲಸ.