ಕಾರ್ಬುರೇಟರ್ ಸರ್ವೀಸ್ ಮಾಡಿಸಿದ ಮೇಲೆ ಐಡ್ಲಿಂಗ್ ಇಳಿಯುತ್ತಿಲ್ಲ

ಪ್ರಶ್ನೆ: ನನ್ನದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಹೋದ ತಿಂಗಳು ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿಸಿದೆ. ಅವತ್ತಿನಿಂದ ಸಿಗ್ನಲ್‌ನಲ್ಲಿ ನಿಂತರೂ ಯಾರೋ ಆಕ್ಸಿಲರೇಟರ್ ಒತ್ತಿ ಹಿಡಿದ ಹಾಗೆ ಇಂಜಿನ್ ಕೂಗುತ್ತದೆ. ಮೆಕ್ಯಾನಿಕ್ ಐಡ್ಲಿಂಗ್ ಸ್ಕ್ರೂ ಪೂರ್ತಿ ಸಡಿಲ ಮಾಡಿದರೂ ಕಡಿಮೆ ಆಗಲಿಲ್ಲ. ಕಾರ್ಬುರೇಟರ್ ಹೋಗಿದೆ, ಬೇರೆ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇಬೇಕಾ?
— ಓದುಗರು, ತುಮಕೂರು

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಕ್ಲೀನ್ ಮಾಡಿಸುವವರೆಗೂ ಸರಿ ಇತ್ತು ಅಂದ ಮೇಲೆ, ಮತ್ತೆ ಕೂರಿಸುವಾಗಲೇ ಏನೋ ಎಡವಟ್ಟಾಗಿರುವ ಸಾಧ್ಯತೆ ಜಾಸ್ತಿ. ಸ್ಕ್ರೂ ಪೂರ್ತಿ ಸಡಿಲ ಮಾಡಿದರೂ ರೇಸ್ ಇಳಿಯಲಿಲ್ಲ ಅನ್ನುವುದೇ ದೊಡ್ಡ ಸುಳಿವು. ಒಂದೋ ಕಾರ್ಬುರೇಟರ್ ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಕಾರ್ಬುರೇಟರ್ ಬಿಟ್ಟು ಬೇರೆ ದಾರಿಯಲ್ಲಿ ಗಾಳಿ ಒಳಗೆ ಹೋಗುತ್ತಿದೆ.

ಮೊದಲು ಬಾನೆಟ್ ಎತ್ತಿ, ಇಂಜಿನ್ ಆಫ್ ಇರುವಾಗ ಆಕ್ಸಿಲರೇಟರ್ ಕೇಬಲ್ ಬೆರಳಲ್ಲಿ ಒತ್ತಿ ನೋಡಿ. ಸ್ವಲ್ಪ ಸಡಿಲ ಇರಬೇಕು, ಬಿಗಿಯಾಗಿದ್ದರೆ ಕಾಲು ತೆಗೆದರೂ ಅದು ತಟ್ಟೆಯನ್ನು ಎಳೆದೇ ಇಟ್ಟಿರುತ್ತದೆ. ಕೇಬಲ್ ತುದಿ ಸಿಕ್ಕಿಸಿರುವ ಲಿವರ್ ಅನ್ನು ಕೈಯಲ್ಲೇ ಎಳೆದು ಬಿಡಿ, ಟಕ್ ಅಂತ ವಾಪಸ್ ಬರಬೇಕು. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಕೂಡ ನೋಡಿ. ಚೋಕ್ ಎಳೆದಾಗ ಅದರ ಲಿಂಕ್ ಥ್ರಾಟಲನ್ನೂ ಸ್ವಲ್ಪ ತೆರೆಯುತ್ತದೆ, ಬೆಳಗ್ಗೆ ತಣ್ಣಗಿರುವಾಗ ರೇಸ್ ಜಾಸ್ತಿ ಇರುವುದು ಅದಕ್ಕೇ. ಡ್ಯಾಶ್‌ಬೋರ್ಡಿನ ನಾಬ್ ಒಳಗೆ ಹೋಗಿದ್ದರೂ ಕೇಬಲ್ ಸಿಕ್ಕಿಕೊಂಡು ಆ ಲಿಂಕ್ ಹಾಗೇ ನಿಂತಿರಬಹುದು.

ಇವೆರಡೂ ಸರಿ ಇದ್ದರೆ ಗಾಳಿ ಸೋರಿಕೆ ಹುಡುಕಬೇಕು. ಕಾರ್ಬುರೇಟರ್ ಕೆಳಗೆ ಗಾಳಿ ಸೋರದಂತೆ ಇಡುವ ಪ್ಯಾಕಿಂಗ್ (ಗ್ಯಾಸ್ಕೆಟ್) ಮೇಲೆ ನನಗೆ ಮೊದಲ ಅನುಮಾನ, ಏಕೆಂದರೆ ಬಿಚ್ಚಿದಾಗ ಹೊಸದು ಹಾಕದೆ ಹಳೆಯದನ್ನೇ ಇಟ್ಟು ಬಿಗಿಯುವುದು ತುಂಬಾ ಕಡೆ ನಡೆಯುತ್ತದೆ. ಜೊತೆಗೆ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಹಾಕುವುದು ಮರೆತಿರಬಹುದು, ಅಥವಾ ಹಳೆಯ ರಬ್ಬರ್ ಎಳೆಯುವಾಗ ಸೀಳಿರಬಹುದು. ಇಂಜಿನ್ ಬಿಸಿಯಾದ ಮೇಲೆ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಗಿಡಕ್ಕೆ ನೀರು ಹೊಡೆಯುವ ಸಣ್ಣ ಸ್ಪ್ರೇಯರ್‌ನಿಂದ ಆ ಪ್ಯಾಕಿಂಗ್ ಸುತ್ತ, ಪೈಪಿನ ತುದಿಗಳಲ್ಲಿ ಸ್ವಲ್ಪ ಸ್ವಲ್ಪ ನೀರು ಹಾಕಿ. ನೀರು ಬಿದ್ದ ಕೂಡಲೇ ಇಂಜಿನ್ ಸದ್ದು ಎಲ್ಲಿ ಬದಲಾಗುತ್ತದೋ ಅಲ್ಲೇ ಸೋರಿಕೆ. ಡಿಸ್ಟ್ರಿಬ್ಯೂಟರ್, ಪ್ಲಗ್ ವೈರ್ ಕಡೆ ನೀರು ಹೋಗಬಾರದು. ಕೆಲವರು ಇದಕ್ಕೆ ಪೆಟ್ರೋಲ್ ಹೊಡೆಯುತ್ತಾರೆ, ದಯವಿಟ್ಟು ಅದು ಬೇಡವೇ ಬೇಡ, ಬಿಸಿ ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಇರುತ್ತದೆ.

ಬ್ರೇಕ್ ಬೂಸ್ಟರ್ (ಬ್ರೇಕ್ ಪೆಡಲ್ ಹಗುರ ಮಾಡುವ ಭಾಗ) ಇರುವ ಗಾಡಿಯಾಗಿದ್ದು, ಪೆಡಲ್ ಕೂಡ ಗಟ್ಟಿ ಆಗಿದ್ದರೆ ಬೂಸ್ಟರ್ ಪೈಪನ್ನೂ ನೋಡಿ. ಎ.ಸಿ. ಇದ್ದರೆ, ಎ.ಸಿ. ಹಾಕಿದಾಗ ರೇಸ್ ಏರಿಸುವ ಭಾಗ ಆಫ್ ಮಾಡಿದ ಮೇಲೂ ಹಿಂದಕ್ಕೆ ಬರದೆ ನಿಂತಿರಬಹುದು.

ಹೊಸ ಪ್ಯಾಕಿಂಗ್ ಹಾಕುವಾಗ ನಟ್‌ಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿಯಲು ಹೇಳಿ, ಒಂದೇ ಕಡೆ ಜೋರಾಗಿ ಬಿಗಿದರೆ ಕಾರ್ಬುರೇಟರ್ ತಳವೇ ಬಾಗುತ್ತದೆ. ಇದೆಲ್ಲ ಆದ ಮೇಲೆಯೇ ಸ್ಕ್ರೂ ಮುಟ್ಟುವುದು. ಇಂಜಿನ್ ಪೂರ್ತಿ ಬಿಸಿಯಾಗಿರಲಿ, ಮೆಕ್ಯಾನಿಕ್ ಹತ್ತಿರ ಆರ್‌ಪಿಎಂ ಮೀಟರ್ ಇದ್ದರೆ ಸುಮಾರು 900ಕ್ಕೆ ನಿಲ್ಲಿಸಲಿ.